ಏನೂ ಅರಿಯದ ಪತ್ತೇದಾರ: ಅಗ್ಗದ ಹಾಸ್ಯಚಿತ್ರಗಳಲ್ಲಿ ಒಂದು ಹಳೆಯ ಕಥಾವರ್ಗ

ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕ, ಬ್ರಿಟನ್ ಮತ್ತು ಸ್ಪೇನ್ ದೇಶಗಳಲ್ಲಿ ಅತ್ಯಲ್ಪ ಬಂಡವಾಳದಿಂದ ತಯಾರಾದ ಚಲನಚಿತ್ರಗಳ ನಡುವೆ ಒಂದು ಪುಟ್ಟ ಗುಂಪು ಪ್ರತ್ಯೇಕವಾಗಿ ಕಾಣುತ್ತದೆ. ಅದರ ನಾಯಕ ಖಾಸಗಿ ಪತ್ತೇದಾರ. ಬಾಗಿಲ ಗಾಜಿನ ಮೇಲೆ ಬರೆಸಿದ ಹೆಸರು, ತಲೆಯ ಮೇಲೊಂದು ಹ್ಯಾಟು, ಬಾರದ ಕರೆಗಾಗಿ ಕಾದು ಕುಳಿತ ದೂರವಾಣಿ, ತೆರದೆ ಉಳಿದ ಬಾಡಿಗೆ - ಇಷ್ಟು ಅವನ ಆಸ್ತಿ. ಅವನಿಗೆ ಪತ್ತೇದಾರಿಕೆ ಮಾತ್ರ ಬರುವುದಿಲ್ಲ. ತಪ್ಪು ಮನೆಯ ಬಾಗಿಲು ತಟ್ಟುತ್ತಾನೆ, ತಪ್ಪು ವ್ಯಕ್ತಿಯನ್ನು ಹಿಂಬಾಲಿಸುತ್ತಾನೆ, ಪೆಟ್ಟು ತಿಂದು ಮೂರ್ಛೆ ಹೋಗುತ್ತಾನೆ. ಆದರೂ ಚಿತ್ರ ಮುಗಿಯುವ ಹೊತ್ತಿಗೆ ಅಪರಾಧಿ ಸಿಕ್ಕಿಬಿದ್ದಿರುತ್ತಾನೆ. ಹೇಗೆ ಸಿಕ್ಕಿದನೆಂಬುದು ಪತ್ತೇದಾರನಿಗೇ ಸರಿಯಾಗಿ ತಿಳಿದಿರುವುದಿಲ್ಲ.

ಇಂಥ ಚಿತ್ರಗಳನ್ನು ಚಲನಚಿತ್ರ ಇತಿಹಾಸಕಾರರು ಸಾಮಾನ್ಯವಾಗಿ ವಿಡಂಬನೆ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಡ್ಯಾಶಿಯಲ್ ಹ್ಯಾಮೆಟ್ ಮತ್ತು ರೇಮಂಡ್ ಚಾಂಡ್ಲರ್ ತಮ್ಮ ಕಾದಂಬರಿಗಳಲ್ಲಿ ರೂಪಿಸಿದ ಗಡುಸು ಪತ್ತೇದಾರನನ್ನು ತಲೆಕೆಳಗು ಮಾಡಿ ನಗಿಸುವುದು ಇವುಗಳ ಉದ್ದೇಶವೆಂಬುದು ಅವರ ನಿಲುವು. ಈ ವಿವರಣೆ ತಪ್ಪಲ್ಲ, ಆದರೆ ಸಾಲದು. ವಿಡಂಬನೆಗೆ ಒಳಗಾದ ಮೂಲವೇ ಹುಟ್ಟುವುದಕ್ಕೆ ಶತಮಾನಗಳ ಮೊದಲು ಈ ಪೆದ್ದ ಪತ್ತೇದಾರ ಕಥೆಗಳಲ್ಲಿ ಓಡಾಡಿಕೊಂಡಿದ್ದ. ಜಾನಪದ ಅಧ್ಯಯನದ ವರ್ಗಸೂಚಿಯಲ್ಲಿ ಅವನಿಗೆ ಒಂದು ಸಂಖ್ಯೆಯೂ ಇದೆ. ಆರ್ನೆ ಮತ್ತು ಥಾಮ್ಸನ್ ಅವರ ಸೂಚಿಯಲ್ಲಿಯೂ, 2004ರಲ್ಲಿ ಹಾನ್ಸ್-ಯೋರ್ಗ್ ಊಥರ್ ಅದನ್ನು ಪರಿಷ್ಕರಿಸಿದ ರೂಪದಲ್ಲಿಯೂ ಅದು 1641ನೆಯ ವರ್ಗ, ಅಂದರೆ ‘ಸರ್ವಜ್ಞ ವೈದ್ಯ’ನ ಕಥೆ. ಈ ವರ್ಗದ ಬೆಳಕಿನಲ್ಲಿ ಅಗ್ಗದ ಪತ್ತೇದಾರಿ ಹಾಸ್ಯಚಿತ್ರಗಳನ್ನು ನೋಡಿದಾಗ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆ. ಹಳೆಯ ಕಥೆ ಹೊಸ ಮಾರುಕಟ್ಟೆಯಲ್ಲಿ ಎಲ್ಲಿ ಬದಲಾಯಿತು ಎಂಬುದೂ ಕಾಣುತ್ತದೆ.

ಮೊದಲು ಒಂದು ಪದದ ವಿಚಾರ. ಈ ಚಿತ್ರಗಳಲ್ಲಿ ಹಲವನ್ನು ಇಂಗ್ಲಿಷಿನಲ್ಲಿ ‘ಎಕ್ಸ್‌ಪ್ಲಾಯ್ಟೇಷನ್’ ಚಿತ್ರಗಳೆಂದು ಕರೆಯುವ ರೂಢಿಯಿದೆ. ಇದನ್ನು ಕನ್ನಡದಲ್ಲಿ ‘ಶೋಷಣಾ ಚಿತ್ರ’ ಎಂದು ಅನುವಾದಿಸಿದರೆ ಅರ್ಧ ಸತ್ಯ ಮಾತ್ರ ಹೇಳಿದಂತಾಗುತ್ತದೆ. ಅಮೆರಿಕದ ಚಿತ್ರೋದ್ಯಮದ ಆಡುಮಾತಿನಲ್ಲಿ ಆ ಪದಕ್ಕೆ ಪ್ರಚಾರ ಎಂಬ ಅರ್ಥವಿತ್ತು: ಭಿತ್ತಿಪತ್ರ, ಚಿತ್ರಮಂದಿರದ ಮುಂದಿನ ಅಲಂಕಾರ, ಡಂಗುರ. ತಾರೆಯರಿಲ್ಲದ, ಹಣವಿಲ್ಲದ ಚಿತ್ರ ಕೇವಲ ಇಂಥ ಪ್ರಚಾರದ ಬಲದಿಂದ, ದೊಡ್ಡ ಸ್ಟುಡಿಯೋಗಳು ಮುಟ್ಟಲಾರದ ನಿಷಿದ್ಧ ವಸ್ತುವಿನ ಆಮಿಷದಿಂದ ಮಾರಾಟವಾಗಬೇಕಾದಾಗ ಆ ಹೆಸರು ಚಿತ್ರಕ್ಕೇ ಅಂಟಿತು. 1934ರಿಂದ ಕಟ್ಟುನಿಟ್ಟಾಗಿ ಜಾರಿಯಾಗಿ 1968ರವರೆಗೆ ನಡೆದ ಹಾಲಿವುಡ್ಡಿನ ನಿರ್ಮಾಣ ಸಂಹಿತೆ ಏನನ್ನು ತೋರಿಸಕೂಡದೆಂದು ಪಟ್ಟಿ ಮಾಡಿತ್ತೋ ಆ ಪಟ್ಟಿಯೇ ಈ ನಿರ್ಮಾಪಕರ ಪಾಲಿಗೆ ವಸ್ತುಕೋಶವಾಯಿತು. ಈ ವ್ಯಾಪಾರದ 1919ರಿಂದ 1959ರವರೆಗಿನ ಇತಿಹಾಸವನ್ನು ಎರಿಕ್ ಶೇಫರ್ 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರವಾಗಿ ನಿರೂಪಿಸಿದ್ದಾರೆ.

ಹರಿಶರ್ಮನಿಂದ ಸರ್ವಜ್ಞ ವೈದ್ಯನವರೆಗೆ

1641ನೆಯ ವರ್ಗದ ಪ್ರಾಚೀನ ಲಿಖಿತ ಪಾಠಗಳಲ್ಲಿ ಒಂದು, ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ರಚಿಸಿದ ‘ಕಥಾಸರಿತ್ಸಾಗರ’ದ ಮದನಮಂಚುಕಾ ಲಂಬಕದಲ್ಲಿದೆ. ಹರಿಶರ್ಮನೆಂಬ ಬಡವ, ದಡ್ಡ ಬ್ರಾಹ್ಮಣ ಹೆಂಡತಿ ಮಕ್ಕಳೊಂದಿಗೆ ಸ್ಥೂಲದತ್ತನೆಂಬ ಸಿರಿವಂತನ ಮನೆಯಲ್ಲಿ ಊಳಿಗಕ್ಕಿರುತ್ತಾನೆ. ಯಜಮಾನನ ಮಗಳ ಮದುವೆಯ ಊಟಕ್ಕೆ ಇವನನ್ನು ಕರೆಯುವುದನ್ನೇ ಮರೆಯುತ್ತಾರೆ. ಹಸಿವು ಮತ್ತು ಅವಮಾನ ಎರಡೂ ಸೇರಿ ಅವನ ಬುದ್ಧಿಯನ್ನು ಅರೆಗಳಿಗೆ ಚುರುಕುಗೊಳಿಸುತ್ತವೆ. ಅಳಿಯನ ಕುದುರೆಯನ್ನು ತಾನೇ ಬಚ್ಚಿಟ್ಟು, ತನ್ನ ಗಂಡ ನಿಮಿತ್ತ ಬಲ್ಲವನೆಂದು ಹೆಂಡತಿಯಿಂದ ಹೇಳಿಸುತ್ತಾನೆ. ನೆಲದ ಮೇಲೆ ಗೆರೆ ಎಳೆದು ಕುದುರೆ ಇರುವ ದಿಕ್ಕನ್ನು ‘ಕಂಡು’ ಹೇಳುತ್ತಾನೆ. ಅಲ್ಲಿಗೆ ಅವನು ಜ್ಞಾನಿಯಾದ.

ತೊಡಕು ಹುಟ್ಟುವುದು ಆಮೇಲೆ. ಅರಮನೆಯಲ್ಲಿ ಚಿನ್ನ, ರತ್ನಗಳು ಕಳವಾಗುತ್ತವೆ. ರಾಜ ಕರೆಸುತ್ತಾನೆ. ನಾಳೆ ಹೇಳುತ್ತೇನೆಂದು ಒಂದು ರಾತ್ರಿಯ ಗಡುವು ಪಡೆದ ಹರಿಶರ್ಮ, ಕಾವಲಿನ ಕೋಣೆಯಲ್ಲಿ ಕುಳಿತು ತನ್ನ ನಾಲಿಗೆಯನ್ನೇ ಬಯ್ದುಕೊಳ್ಳುತ್ತಾನೆ: ಭೋಗದ ಆಸೆಗೆ ಬಿದ್ದು ಸುಳ್ಳಾಡಿದೆಯಲ್ಲ ಜಿಹ್ವೆ, ಈಗ ಶಿಕ್ಷೆ ಅನುಭವಿಸು ಎಂದು. ಅರಮನೆಯಲ್ಲಿ ಕದ್ದ ದಾಸಿಯ ಹೆಸರೂ ಜಿಹ್ವೆ. ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದ ಅವಳು ತನ್ನನ್ನೇ ಹೆಸರಿಡಿದು ಕೂಗಿದನೆಂದು ಬೆಚ್ಚಿ ಒಳನುಗ್ಗಿ ಕಾಲಿಗೆ ಬೀಳುತ್ತಾಳೆ. ಒಡವೆಗಳನ್ನು ತೋಟದ ದಾಳಿಂಬೆ ಗಿಡದ ಬುಡದಲ್ಲಿ ಹೂತಿರುವುದನ್ನು ಬಾಯಿಬಿಡುತ್ತಾಳೆ. ಸಂಶಯಗೊಂಡ ಮಂತ್ರಿ ಮುಚ್ಚಿದ ಕುಡಿಕೆಯಲ್ಲಿ ಕಪ್ಪೆಯನ್ನಿಟ್ಟು ಮತ್ತೊಂದು ಪರೀಕ್ಷೆ ಒಡ್ಡಿದಾಗಲೂ ಹರಿಶರ್ಮ ಹತಾಶೆಯಿಂದ ತನ್ನ ಬಾಲ್ಯದ ಅಡ್ಡಹೆಸರಾದ ‘ಕಪ್ಪೆ’ ಎಂಬುದನ್ನೇ ಕರೆದುಕೊಂಡು ಗೋಳಾಡಿ ಗೆಲ್ಲುತ್ತಾನೆ. ರಾಜ ಗ್ರಾಮಗಳನ್ನು ಉಂಬಳಿ ಕೊಡುತ್ತಾನೆ.

ಗ್ರಿಮ್ ಸೋದರರ ಸಂಗ್ರಹದ 98ನೆಯ ಕಥೆ ಇದರ ಜರ್ಮನ್ ಸೋದರಿ. ಅಲ್ಲಿ ನಾಯಕ ‘ಏಡಿ’ ಎಂಬ ಅಡ್ಡಹೆಸರಿನ ರೈತ. ಎತ್ತು, ಗಾಡಿ ಮಾರಿ, ಕೋಳಿಯ ಚಿತ್ರವಿರುವ ಒಂದು ಅಕ್ಷರಮಾಲೆಯ ಪುಸ್ತಕ ಕೊಂಡು, ತಕ್ಕ ಉಡುಪು ಹೊಲಿಸಿ, ‘ನಾನು ಸರ್ವಜ್ಞ ವೈದ್ಯ’ ಎಂದು ಬಾಗಿಲಿಗೆ ಫಲಕ ಬಡಿಯುತ್ತಾನೆ. ಧನಿಕನ ಮನೆಯಲ್ಲಿ ಹಣ ಕಳವಾದಾಗ ಅವನಿಗೆ ಕರೆ ಬರುತ್ತದೆ. ಊಟದ ಮೊದಲ ತಟ್ಟೆ ಬಂದಾಗ ಹೆಂಡತಿಗೆ ‘ಇದು ಮೊದಲನೆಯದು’ ಎನ್ನುತ್ತಾನೆ. ತಟ್ಟೆ ತಂದ ಆಳು ಕಳ್ಳರಲ್ಲಿ ಮೊದಲನೆಯವನು, ಅವನ ಎದೆ ನಡುಗುತ್ತದೆ. ಮುಚ್ಚಿದ ತಟ್ಟೆಯಲ್ಲಿ ಏಡಿ ಇರುವಾಗ ‘ಅಯ್ಯೋ ಬಡಪಾಯಿ ಏಡಿ’ ಎಂದು ತನ್ನನ್ನೇ ಮರುಗಿಕೊಂಡು ಪಾರಾಗುತ್ತಾನೆ. ಸ್ಟಿತ್ ಥಾಮ್ಸನ್ ಅವರ ಆಶಯಸೂಚಿಯಲ್ಲಿ ಸೋಗಿನ ಜ್ಞಾನಿಯ ಆಶಯ ಕೆ 1956. ಆಕಸ್ಮಿಕವಾಗಿ ಅಪರಾಧಿ ಪತ್ತೆಯಾಗುವ ಆಶಯ ಎನ್ 611. ಯುರೋಪಿನ ಕಥೆಗಳ ಬಹುಪಾಲು ಭಾರತದಿಂದ ಹೋದವೆಂದು ವಾದಿಸಿದ ಥಿಯೊಡೊರ್ ಬೆನ್‌ಫೈ ಅವರ ಸಿದ್ಧಾಂತವನ್ನು ಇಂದು ಯಾರೂ ಇಡಿಯಾಗಿ ಒಪ್ಪುವುದಿಲ್ಲ. ಈ ಕಥೆಯ ವಲಸೆಯ ದಾರಿ ಯಾವುದೇ ಇರಲಿ, ಎರಡೂ ಪಾಠಗಳ ಒಳಗಣ ಯಂತ್ರ ಒಂದೇ.

ಆ ಯಂತ್ರ ಯಾವುದು? ಕಳ್ಳನನ್ನು ಹಿಡಿಯುವುದು ಪತ್ತೇದಾರನ ಅರಿವಲ್ಲ, ಅವನು ಅರಿತಿದ್ದಾನೆಂಬ ಕಳ್ಳನ ನಂಬಿಕೆ. ಇದು ಕಥೆಯ ಕಲ್ಪನೆ ಮಾತ್ರವೇನಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಕಳವಾದ ಒಡವೆಗೆ, ದನಕ್ಕೆ ‘ಅಂಜನ ಹಾಕಿಸುವ’ ಆಚರಣೆ ಬಹುಕಾಲದಿಂದ ನಡೆದುಬಂದಿದೆ. ವೀಳ್ಯದೆಲೆಗೋ ಹೆಬ್ಬೆರಳ ಉಗುರಿಗೋ ಕಪ್ಪು ಹಚ್ಚಿ, ಅದರ ಹೊಳಪಿನಲ್ಲಿ ಏನು ಕಾಣುತ್ತದೆಂದು ಎಳೆಯ ಮಗುವನ್ನು ಕೇಳಲಾಗುತ್ತದೆ. ಅಂಜನದಲ್ಲಿ ಕಳ್ಳನ ಚಹರೆ ಮೂಡುತ್ತದೋ ಇಲ್ಲವೋ, ಅಂಜನ ಹಾಕಿಸುತ್ತಾರಂತೆ ಎಂಬ ಸುದ್ದಿಗೇ ಕದ್ದವನು ರಾತ್ರೋರಾತ್ರಿ ವಸ್ತುವನ್ನು ಹಿತ್ತಲಿಗೆ ಎಸೆದು ಹೋಗುವುದುಂಟು. ಹರಿಶರ್ಮನ ಕೋಣೆಯ ಹೊರಗೆ ಕಿವಿಗೊಟ್ಟು ನಿಂತ ದಾಸಿಯದೂ ಇದೇ ಮನಃಸ್ಥಿತಿ. ‘ಪತ್ತೇದಾರ’ ಎಂಬ ಕನ್ನಡ ಪದವನ್ನು ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನಂಥ ಕಾದಂಬರಿಗಳು ಮನೆಮಾತಾಗಿಸಿದವು. ಆದರೆ ಆ ವೃತ್ತಿಯ ಹಿಂದೆ ಅಂಜನದವನೂ ಕಣಿ ಹೇಳುವವನೂ ನಿಂತಿದ್ದಾರೆಂಬುದನ್ನು ಮರೆಯುವಂತಿಲ್ಲ.

ಫಲಕ, ಉಡುಪು, ಪುಸ್ತಕ

ಗ್ರಿಮ್ ಕಥೆಯ ರೈತ ಸಂಪಾದಿಸಿದ ಮೂರು ವಸ್ತುಗಳು - ಪುಸ್ತಕ, ಉಡುಪು, ಫಲಕ - ಸಿನಿಮಾ ಪತ್ತೇದಾರನ ಬಳಿಯೂ ಇವೆ. ಬಸ್ಟರ್ ಕೀಟನ್‌ನ 1924ರ ‘ಶರ್ಲಾಕ್ ಜೂನಿಯರ್’ ಈ ಗುಂಪಿನ ಹಿರಿಯಜ್ಜ. ಅಗ್ಗದ ಚಿತ್ರವಲ್ಲ, ಆದರೆ ಮುಂದಿನ ಅಗ್ಗದ ಚಿತ್ರಗಳೆಲ್ಲ ಪಡೆದ ಸಾಲ ಅಲ್ಲಿದೆ. ನಾಯಕ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸುವ ಹುಡುಗ. ಪತ್ತೇದಾರನಾಗುವುದು ಹೇಗೆಂದು ಹೇಳಿಕೊಡುವ ಪುಸ್ತಕವೊಂದನ್ನು ಓದುತ್ತಿರುತ್ತಾನೆ. ಪ್ರಿಯತಮೆಯ ತಂದೆಯ ಗಡಿಯಾರ ಕಳವಾದಾಗ ಪುಸ್ತಕ ತೆರೆದು ತನಿಖೆಗೆ ಹೊರಟರೆ, ಗಿರವಿ ಅಂಗಡಿಯ ಚೀಟಿ ಅವನ ಜೇಬಿನಲ್ಲೇ ಸಿಗುತ್ತದೆ. ಪ್ರತಿಸ್ಪರ್ಧಿ ಇಟ್ಟದ್ದು ಅದು. ಅವಮಾನಿತನಾದ ಹುಡುಗ ಪ್ರೊಜೆಕ್ಟರಿನ ಪಕ್ಕದಲ್ಲಿ ನಿದ್ದೆ ಹೋಗಿ, ಕನಸಿನಲ್ಲಿ ಪ್ರಪಂಚದ ಅತಿ ದೊಡ್ಡ ಪತ್ತೇದಾರನಾಗಿ ಮೆರೆಯುತ್ತಾನೆ. ಅಷ್ಟರಲ್ಲಿ ಎಚ್ಚರದ ಲೋಕದಲ್ಲಿ ಹುಡುಗಿ ನೇರವಾಗಿ ಗಿರವಿ ಅಂಗಡಿಗೆ ಹೋಗಿ, ಗಡಿಯಾರ ತಂದವನು ಯಾರೆಂದು ಕೇಳಿ, ಪ್ರಕರಣವನ್ನು ಮುಗಿಸಿಬಿಟ್ಟಿರುತ್ತಾಳೆ. ಈ ಹುಡುಗಿಯ ವಿಚಾರಕ್ಕೆ ಮುಂದೆ ಮರಳಬೇಕಾಗುತ್ತದೆ.

ಫಲಕದ ಉದಾಹರಣೆಗೆ ಬಾಬ್ ಹೋಪ್ ನಟಿಸಿದ 1947ರ ‘ಮೈ ಫೇವರಿಟ್ ಬ್ರುನೆಟ್’ ಸಾಕು. ಮಕ್ಕಳ ಭಾವಚಿತ್ರ ತೆಗೆಯುವ ಛಾಯಾಗ್ರಾಹಕನ ಕಚೇರಿ ನಿಜವಾದ ಪತ್ತೇದಾರನೊಬ್ಬನ ಕಚೇರಿಗೆ ಅಂಟಿಕೊಂಡಿದೆ. ಪತ್ತೇದಾರನಿಲ್ಲದ ಹೊತ್ತಿನಲ್ಲಿ ಬಂದ ಹೆಣ್ಣು ಇವನನ್ನೇ ಅವನೆಂದು ಭಾವಿಸುತ್ತಾಳೆ, ಇವನು ಹೌದೆನ್ನುತ್ತಾನೆ. ಅಪರಾಧಿಗಳು ಅವಳಷ್ಟೇ ಗಾಢವಾಗಿ ಅದನ್ನು ನಂಬುತ್ತಾರೆ, ಆದ್ದರಿಂದಲೇ ಅವನ ಬೆನ್ನು ಹತ್ತಿ ಬಯಲಿಗೆ ಬರುತ್ತಾರೆ. ಇದು ದೊಡ್ಡ ಸ್ಟುಡಿಯೋದ ಚಿತ್ರ. ಅದಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ವಾರಗಳ ಲೆಕ್ಕದಲ್ಲಿ ಚಿತ್ರ ಮುಗಿಸುತ್ತಿದ್ದವರ ಲೋಕದಲ್ಲಿ, 1946ರಿಂದ 1958ರವರೆಗೆ 48 ಚಿತ್ರಗಳಲ್ಲಿ ಕಾಣಿಸಿಕೊಂಡ ‘ಬಾವರಿ ಬಾಯ್ಸ್’ ತಂಡವಿದೆ. ಅವರ 1953ರ ‘ಪ್ರೈವೇಟ್ ಐಸ್’ ಎಂಬ ಚಿತ್ರವನ್ನು ಎಡ್ವರ್ಡ್ ಬರ್ನ್ಡ್ಸ್ ನಿರ್ದೇಶಿಸಿದರು. ತಂಡದ ಪೆದ್ದ ಸ್ಯಾಚ್ (ನಟ ಹಂಟ್ಜ್ ಹಾಲ್) ಮೂಗಿಗೆ ಗುದ್ದು ತಿಂದ ಮೇಲೆ ಅವನಿಗೆ ಪರರ ಮನಸ್ಸಿನ ಮಾತು ಕೇಳಿಸತೊಡಗುತ್ತದೆ. ತಕ್ಷಣ ಗೆಳೆಯರು ಪತ್ತೇದಾರಿ ಕಚೇರಿ ತೆರೆಯುತ್ತಾರೆ. 1641ನೆಯ ವರ್ಗಕ್ಕೆ ಇಷ್ಟು ಸಮೀಪದ ಚಿತ್ರ ಬೇರೊಂದು ದೊರೆಯುವುದು ಕಷ್ಟ: ಅಂಜನದ ಕಪ್ಪಿನ ಸ್ಥಾನದಲ್ಲಿ ಮೂಗಿನ ಗುದ್ದು.

ಅಗ್ಗದ ಚಿತ್ರಕ್ಕೆ ಇವನೇಕೆ ಬೇಕಾದ?

ಕಥೆಯ ವಂಶಾವಳಿ ಹೇಳಿದ ಮಾತ್ರಕ್ಕೆ ಅದರ ಬಳಕೆಯ ಕಾರಣ ಹೇಳಿದಂತಾಗುವುದಿಲ್ಲ. ಲೆಕ್ಕಪತ್ರದ ಕಡೆಯಿಂದಲೂ ನೋಡಬೇಕು. ಖಾಸಗಿ ಪತ್ತೇದಾರನಿಗೆ ಸಮವಸ್ತ್ರ ಬೇಡ, ಪೊಲೀಸ್ ಠಾಣೆಯ ಸೆಟ್ ಬೇಡ, ಪಡೆ ಬೇಡ. ಒಂದು ಮೇಜು, ಕಿಟಕಿಯ ಪಟ್ಟಿಪರದೆ, ಹಳೆಯ ಕಾರು ಸಾಕು. ನಾಯಕನ ಸ್ವಗತವೇ ನಿರೂಪಣೆಯಾಗುವುದರಿಂದ ಚಿತ್ರೀಕರಣದ ಹೊತ್ತಿಗೆ ಧ್ವನಿ ಕೆಟ್ಟಿದ್ದರೂ ಆಮೇಲೆ ಮಾತು ಕೂಡಿಸಿ ಕಥೆಯ ಹರಕು ಹೊಲಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಪತ್ತೇದಾರನಿಗೆ ಎಲ್ಲಿಗೆ ಬೇಕಾದರೂ ಹೋಗಲು ನೆಪವಿದೆ. ನಗ್ನನೃತ್ಯದ ಕ್ಲಬ್ಬು, ಮೋಟೆಲು, ಶ್ರೀಮಂತರ ಮಲಗುವ ಕೋಣೆ - ಭಿತ್ತಿಪತ್ರ ಏನನ್ನು ತೋರಿಸುವುದಾಗಿ ಹೇಳಿತ್ತೋ ಅಲ್ಲಿಗೆ ಪ್ರೇಕ್ಷಕನನ್ನು ಕರೆದೊಯ್ಯುವ ದಾರಿ ಅವನು.

ಅವನು ಕೈಲಾಗದವನಾಗಿರಬೇಕಾದುದಕ್ಕೂ ಅಷ್ಟೇ ವ್ಯಾವಹಾರಿಕ ಕಾರಣವಿದೆ. ಬುದ್ಧಿವಂತ ಪತ್ತೇದಾರನಿಗೆ ಬಿಗಿಯಾದ ಕಥಾಹಂದರ ಬೇಕು. ಸುಳಿವುಗಳು ಕೊನೆಗೆ ಒಂದಕ್ಕೊಂದು ಹೆಣೆದುಕೊಳ್ಳಬೇಕು. ಅದಕ್ಕೆ ಸಮಯ, ಹಣ, ಒಳ್ಳೆಯ ಬರಹಗಾರ ಮೂರೂ ಬೇಕು. ಪೆದ್ದನಿಗೆ ಇವು ಬೇಡ, ಅವನ ತಪ್ಪು ಹೆಜ್ಜೆಗಳೇ ಚಿತ್ರದ ಉದ್ದವನ್ನು ತುಂಬುತ್ತವೆ. ಕಥೆಯಲ್ಲಿ ಬಿರುಕು ಕಂಡರೆ ಅದು ಪತ್ತೇದಾರನ ದೋಷವೆಂದು ಪ್ರೇಕ್ಷಕ ನಗುತ್ತಾನೆ, ನಿರ್ಮಾಪಕನ ದೋಷವೆಂದು ದೂರುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ಹರ್ಷೆಲ್ ಗಾರ್ಡನ್ ಲೂಯಿಸ್ ನಿರ್ದೇಶಿಸಿದ 1972ರ ‘ದ ಗೋರ್ ಗೋರ್ ಗರ್ಲ್ಸ್’. 1963ರ ‘ಬ್ಲಡ್ ಫೀಸ್ಟ್’ ಮೂಲಕ ರಕ್ತಪಾತವನ್ನೇ ಸರಕಾಗಿಸಿದ ನಿರ್ದೇಶಕ ಇವರು. ಇಲ್ಲಿನ ಪತ್ತೇದಾರ ಏಬ್ರಹಾಂ ಜೆಂಟ್ರಿ ಪೆದ್ದನಲ್ಲ, ಠೀವಿಯ, ಅಹಂಕಾರದ ಮನುಷ್ಯ. ನಡುನಡುವೆ ಹಾಸ್ಯವಿದ್ದರೂ ಚಿತ್ರ ನೋಡುಗನನ್ನು ಹಗುರಗೊಳಿಸುವುದಿಲ್ಲ. ಕೊಲೆಯಾದ ಹೆಣ್ಣುಗಳ ಬಗೆಗೆ ಅವನಿಗಿರುವ ತಿರಸ್ಕಾರವನ್ನು ಚಿತ್ರವೂ ಹಂಚಿಕೊಂಡಂತೆ ತೋರುತ್ತದೆ. ಪೆದ್ದತನ ಕೇವಲ ಉಳಿತಾಯವಲ್ಲ, ಇಂಥ ಚಿತ್ರಕ್ಕೆ ಅದೊಂದು ನೈತಿಕ ಮರೆಯೂ ಹೌದೆಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ. ಕೀಲಿಕಂಡಿಯಲ್ಲಿ ಇಣುಕುವ ಪ್ರೇಕ್ಷಕನ ಸಂಕೋಚವನ್ನು ಪರದೆಯ ಮೇಲಿನ ಪೆದ್ದ ತನ್ನ ತಲೆಗೆ ಕಟ್ಟಿಕೊಳ್ಳುತ್ತಾನೆ. ಬಾಗಿಲು ತೆರೆದು ಮೂಗು ಜಜ್ಜಿಸಿಕೊಳ್ಳುವವನು ಅವನು, ನೋಡಿದವರು ಇಬ್ಬರೂ.

ಕೀಲಿಕಂಡಿಯ ಮಾತು ಬರಿಯ ರೂಪಕವಲ್ಲ. 1850ರಲ್ಲಿ ಆಲನ್ ಪಿಂಕರ್ಟನ್ ಸ್ಥಾಪಿಸಿದ ಪತ್ತೇದಾರಿ ಸಂಸ್ಥೆಯ ಲಾಂಛನ ತೆರೆದ ಕಣ್ಣು; ‘ಪ್ರೈವೇಟ್ ಐ’ ಎಂಬ ನುಡಿಗಟ್ಟನ್ನು ಅದರೊಂದಿಗೆ ಸಂಬಂಧಿಸುವುದು ವಾಡಿಕೆ. ಆದರೆ ಸಣ್ಣ ಊರಿನ ಸಾಮಾನ್ಯ ಪತ್ತೇದಾರನ ಅನ್ನ ಕೊಲೆಯ ರಹಸ್ಯದಿಂದ ಬರುತ್ತಿರಲಿಲ್ಲ. ವಿಚ್ಛೇದನಕ್ಕೆ ಒಬ್ಬರ ವ್ಯಭಿಚಾರವನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಿದ್ದ ಕಾಲದಲ್ಲಿ, ಹೋಟೆಲಿನ ಕೋಣೆಯ ಹೊರಗೆ ಕ್ಯಾಮೆರಾ ಹಿಡಿದು ಕಾಯುವುದು ಅವನ ಕಸುಬಿನ ದೊಡ್ಡ ಭಾಗವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ದೋಷಾರೋಪವಿಲ್ಲದ ವಿಚ್ಛೇದನದ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂತು. ಇಂಗ್ಲೆಂಡಿನಲ್ಲಿ 1969ರ ವಿಚ್ಛೇದನ ಸುಧಾರಣಾ ಕಾಯಿದೆ 1971ರ ಜನವರಿಯಿಂದ ಅನ್ವಯವಾಯಿತು. ಕಾನೂನಿಗೆ ಇಣುಕುವವನ ಅಗತ್ಯ ಕಡಿಮೆಯಾದ ದಶಕದಲ್ಲಿಯೇ ಕೆಲಸವಿಲ್ಲದೆ ಬಾಡಿಗೆ ಉಳಿಸಿಕೊಂಡು ಕುಳಿತ ಪತ್ತೇದಾರ ಅಗ್ಗದ ಪರದೆಗೆ ಇಣುಕುಗನಾಗಿ ಬಂದುದು ಗಮನಾರ್ಹ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವುದು ಅತಿಯಾದೀತು. ಆದರೆ ಆ ಖಾಲಿ ಕಚೇರಿಯ ದೃಶ್ಯ ಹುಟ್ಟಿದ ನೆಲ ಇದೇ.

ಇಂಗ್ಲೆಂಡಿನ ಸ್ಟ್ಯಾನ್ಲಿ ಲಾಂಗ್ (1933-2012) ನಿರ್ದೇಶಿಸಿದ 1977ರ ‘ಅಡ್ವೆಂಚರ್ಸ್ ಆಫ್ ಎ ಪ್ರೈವೇಟ್ ಐ’ ಈ ಬಗೆಯ ಚಿತ್ರಗಳಲ್ಲಿ ಅತ್ಯಂತ ಪ್ರಾತಿನಿಧಿಕವಾದುದು. 1976ರ ಟ್ಯಾಕ್ಸಿ ಚಾಲಕನ ಕಥೆ, 1978ರ ಕೊಳಾಯಿ ರಿಪೇರಿಯವನ ಕಥೆಗಳ ನಡುವಣ ಕೊಂಡಿ ಇದು. ಮೂರೂ ಕಸುಬುಗಳಿಗೆ ಪರರ ಮನೆಯ ಬಾಗಿಲು ತೆರೆಯುತ್ತದೆ ಎಂಬುದೇ ಸರಣಿಯ ಸೂತ್ರ. ಪತ್ತೇದಾರ ಜಡ್ ಬ್ಲೇಕ್ (ಜಾನ್ ಪರ್ಟ್ವಿ) ಕಚೇರಿಯಲ್ಲಿಲ್ಲದಾಗ ಸಹಾಯಕ ಬಾಬ್ ವೆಸ್ಟ್ (ಕ್ರಿಸ್ಟೋಫರ್ ನೀಲ್) ತಾನೇ ಒಂದು ಬ್ಲ್ಯಾಕ್‌ಮೇಲ್ ಪ್ರಕರಣವನ್ನು ವಹಿಸಿಕೊಂಡು ಅವಾಂತರ ಮಾಡಿಕೊಳ್ಳುತ್ತಾನೆ. ಗುರು ಇಲ್ಲದಾಗ ಶಿಷ್ಯ ಮಂತ್ರ ಹೇಳುವ ಇನ್ನೊಂದು ಜನಪ್ರಿಯ ಕಥೆಯ ನೆರಳೂ ಇಲ್ಲಿದೆ. ಇಂಥ ಚಿತ್ರಗಳಿಗೆ ಬ್ರಿಟನ್ನಿನಲ್ಲಿ ಆಸರೆಯಾದದ್ದು ‘ಈಡಿ ಲೆವಿ’ ಎಂಬ ತೆರಿಗೆ. ಟಿಕೆಟ್ ಹಣದ ಒಂದು ಪಾಲನ್ನು ಸ್ವದೇಶಿ ಚಿತ್ರಗಳ ನಿರ್ಮಾಪಕರಿಗೆ ಹಿಂದಿರುಗಿಸುವ ಈ ವ್ಯವಸ್ಥೆ 1950ರಲ್ಲಿ ಸ್ವಯಂಪ್ರೇರಿತವಾಗಿ ಆರಂಭವಾಗಿ, 1957ರಲ್ಲಿ ಶಾಸನಬದ್ಧವಾಗಿ, 1985ರಲ್ಲಿ ರದ್ದಾಯಿತು. ಹೆಚ್ಚು ಜನ ನೋಡಿದ ಚಿತ್ರಕ್ಕೆ ಹೆಚ್ಚು ಪಾಲು. ರಾಷ್ಟ್ರೀಯ ಸಂಸ್ಕೃತಿಯ ರಕ್ಷಣೆಗೆ ಎತ್ತಿದ ಹಣ ಕೀಲಿಕಂಡಿಯ ಹಾಸ್ಯಕ್ಕೂ ಹರಿದುದನ್ನು ಆಡಳಿತದ ವ್ಯಂಗ್ಯವೆನ್ನಬಹುದು. ಹರಿಶರ್ಮನಿಗೆ ಉಂಬಳಿ ಕೊಟ್ಟ ರಾಜನಿಗೂ ತಾನು ಯಾರನ್ನು ಪೋಷಿಸುತ್ತಿದ್ದೇನೆಂದು ಗೊತ್ತಿರಲಿಲ್ಲ.

ಜಿಹ್ವೆಯ ಸ್ಥಾನ

ಹಳೆಯ ಕಥೆಗೂ ಹೊಸ ಚಿತ್ರಕ್ಕೂ ಇರುವ ನಿಜವಾದ ಅಂತರ ಕಾಣುವುದು ಇಲ್ಲಿ. ಹರಿಶರ್ಮನ ಕಥೆಯಲ್ಲಿ ಸತ್ಯವನ್ನು ಬಲ್ಲವಳು ಒಬ್ಬಳೇ, ಕದ್ದ ದಾಸಿ. ಅವಳ ಹೆಸರೇ ನಾಲಿಗೆ. ಅವಳು ಮಾತನಾಡಿದ್ದರಿಂದಲೇ ಬ್ರಾಹ್ಮಣ ಜ್ಞಾನಿಯಾಗುತ್ತಾನೆ. ಮಾತನಾಡಿದ ಮೇಲೆ ಕಥೆಗೆ ಅವಳ ಗೊಡವೆಯಿಲ್ಲ, ಉಂಬಳಿ ಅವನಿಗೆ. ಗ್ರಿಮ್ ಕಥೆಯಲ್ಲಿ ಹೆಂಡತಿ ಗ್ರೀಟ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾಳೆ, ಅಷ್ಟೆ. ಅರಿವು ಕೆಳಗಿನವರಲ್ಲಿದೆ, ಕೀರ್ತಿ ಮೇಲಿನವನಿಗೆ ಹೋಗುತ್ತದೆ ಎಂಬುದನ್ನು ಈ ಕಥೆಗಳು ಹೇಳುತ್ತವೆ, ಆದರೆ ಅದರ ಬಗೆಗೆ ತಕರಾರು ಎತ್ತುವುದಿಲ್ಲ.

ಚಲನಚಿತ್ರದಲ್ಲಿ ಈ ಬಲ್ಲವಳು ಮರೆಯಾಗುವುದಿಲ್ಲ. ‘ಶರ್ಲಾಕ್ ಜೂನಿಯರ್’ನ ಹುಡುಗಿ ನಾಯಕ ನಿದ್ರಿಸುತ್ತಿರುವಾಗಲೇ ಪ್ರಕರಣವನ್ನು ಭೇದಿಸುತ್ತಾಳೆ. ಸ್ಪೇನಿನ ಹೆಸೂಸ್ ಫ್ರಾಂಕೊ (1930-2013) 1960ರ ‘ಲಾಬಿಯೋಸ್ ರೋಹೋಸ್’, ಅಂದರೆ ‘ಕೆಂದುಟಿಗಳು’ ಎಂಬ ಚಿತ್ರದಲ್ಲಿ ಇಬ್ಬರು ಹೆಂಗಸರನ್ನೇ ಪತ್ತೇದಾರರನ್ನಾಗಿಸಿದರು. ಅದೇ ಸೂತ್ರವನ್ನು 1969ರಲ್ಲಿ ತೆರೆಕಂಡ ‘ಟೂ ಅಂಡರ್‌ಕವರ್ ಏಂಜಲ್ಸ್’ ಮತ್ತು ‘ಕಿಸ್ ಮಿ ಮಾನ್‌ಸ್ಟರ್’ ಚಿತ್ರಗಳಲ್ಲಿ ಜಾನೀನ್ ರೇನೋ ಮತ್ತು ರೊಸಾನ ಯಾನಿ ಅವರೊಂದಿಗೆ ಮುಂದುವರಿಸಿದರು. ಅಲ್ಲಿ ಪೆದ್ದತನವನ್ನು ಹೊರುವವರು ಸುತ್ತಲಿನ ಗಂಡಸರು.

ಅತ್ಯಂತ ಚರ್ಚಾಸ್ಪದವಾದ ಉದಾಹರಣೆ ಅಮೆರಿಕದ ಫ್ರೆಡ್ ಓಲೆನ್ ರೇ ನಿರ್ದೇಶಿಸಿದ 1988ರ ‘ಹಾಲಿವುಡ್ ಚೈನ್‌ಸಾ ಹುಕರ್ಸ್’. ವಿಡಿಯೊ ಕ್ಯಾಸೆಟ್ ಬಾಡಿಗೆ ಅಂಗಡಿಗಳ ಕಾಲದ ಚಿತ್ರ. ಕಪಾಟಿನಲ್ಲಿ ಕಣ್ಣಿಗೆ ಬಿದ್ದ ಹೆಸರೇ ಅರ್ಧ ವ್ಯಾಪಾರ ಮುಗಿಸಬೇಕಿತ್ತು. ಪತ್ತೇದಾರನ ಹೆಸರು ಜ್ಯಾಕ್ ಚಾಂಡ್ಲರ್ (ನಟ ಜೇ ರಿಚರ್ಡ್‌ಸನ್), ಯಾವ ಕಾದಂಬರಿಕಾರನ ನೆನಪೆಂದು ಹೇಳಬೇಕಿಲ್ಲ. ಮನೆಬಿಟ್ಟು ಹೋದ ಸಮಂತಾ ಎಂಬ ಹುಡುಗಿಯನ್ನು (ನಟಿ ಲಿನಿಯಾ ಕ್ವಿಗ್ಲಿ) ಹುಡುಕುವುದು ಅವನ ಕೆಲಸ. ಹುಡುಕುತ್ತ ಹೋಗಿ ಅವನು ಸಿಕ್ಕಿಬೀಳುವುದು ಯಂತ್ರಗರಗಸವನ್ನು ದೇವರೆಂದು ಪೂಜಿಸುವ ಒಂದು ಪಂಥದ ಕೈಗೆ. 1974ರ ‘ದ ಟೆಕ್ಸಾಸ್ ಚೈನ್ ಸಾ ಮ್ಯಾಸಕರ್’ ಚಿತ್ರದಲ್ಲಿ ಗರಗಸ ಹಿಡಿದು ಹೆದರಿಸಿದ್ದ ಗನ್ನರ್ ಹಾನ್ಸೆನ್ ಇಲ್ಲಿ ಪಂಥದ ಗುರು. ಚಾಂಡ್ಲರ್ ಸ್ವಗತದಲ್ಲಿ ಗಡುಸು ಮಾತುಗಳನ್ನಾಡುತ್ತಲೇ ಇರುತ್ತಾನೆ. ಆದರೆ ಕಾಣೆಯಾದವಳೆಂದು ಅವನು ಭಾವಿಸಿದ ಹುಡುಗಿ ಕಾಣೆಯಾದವಳಲ್ಲ. ಗೆಳತಿಯ ಸಾವಿಗೆ ಸೇಡು ತೀರಿಸಿಕೊಳ್ಳಲು ತಾನೇ ಪಂಥವನ್ನು ಹೊಕ್ಕವಳು. ಅವನು ಅರಿಯದ್ದನ್ನು ಅವಳು ಮೊದಲಿನಿಂದ ಅರಿತಿದ್ದಾಳೆ. ಅಂತಿಮ ದೃಶ್ಯದಲ್ಲಿ ಗರಗಸ ಎತ್ತಿ ಹೋರಾಡುವವಳೂ ಅವಳೇ.

ಇದನ್ನು ಹೆಣ್ಣಿನ ವಿಜಯವೆಂದು ಕೊಂಡಾಡುವ ವಿಮರ್ಶೆಯನ್ನು ಒಪ್ಪುವುದು ಕಷ್ಟ. ಅದೇ ಹುಡುಗಿಯ ನಗ್ನದೇಹವನ್ನು ತೋರಿಸಿಯೇ ಚಿತ್ರ ಮಾರಾಟವಾಯಿತು. ಕಥೆಯಲ್ಲಿ ಅವಳಿಗೆ ಕೊಟ್ಟ ಅರಿವನ್ನು ಕ್ಯಾಮೆರಾ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಕಸಿದುಕೊಳ್ಳುತ್ತದೆ. ಹಾಗೆಂದು ಕಥನದ ಮಟ್ಟದಲ್ಲಿ ಆದ ಬದಲಾವಣೆಯನ್ನು ಅಲ್ಲಗಳೆಯುವಂತಿಲ್ಲ. ಸಾವಿರ ವರ್ಷಗಳ ಹಿಂದಿನ ಪಾಠದಲ್ಲಿ ದಾಸಿಯ ನಾಲಿಗೆಯಿಂದ ಕೀರ್ತಿ ಪಡೆದ ಪುರುಷ ಈ ಪಾಠದಲ್ಲಿ ಕೀರ್ತಿಯನ್ನೂ ಪಡೆಯುವುದಿಲ್ಲ, ಉಂಬಳಿಯನ್ನೂ ಪಡೆಯುವುದಿಲ್ಲ. ಹಳೆಯ ಕಚೇರಿಗೆ, ಹಳೆಯ ಬಾಕಿಗೆ ಮರಳುತ್ತಾನೆ. ಸೋಗಿನ ಸರ್ವಜ್ಞನಿಗೆ ಪುರಸ್ಕಾರ ನೀಡುವುದನ್ನು ಕಥೆ ನಿಲ್ಲಿಸಿದೆ. ಗಂಭೀರ ಚಿತ್ರಗಳಲ್ಲಿ ಗೆಲ್ಲುವ ಗಂಡಸೇ ನಾಯಕನಾಗಿದ್ದ ದಶಕಗಳಲ್ಲಿ ಈ ನಿಲುವು ಯಾರ ಮರ್ಯಾದೆಗೂ ಒಳಗಾಗದ ಅಗ್ಗದ ಚಿತ್ರದಲ್ಲಿ ಸಾಧ್ಯವಾಯಿತು. ಮರ್ಯಾದಸ್ಥ ಕಾವ್ಯ ಹೇಳದ್ದನ್ನು ಲಾವಣಿಯವನು, ದಾಸರಾಟದವನು ಹೇಳಿಬಿಡುವುದು ಜಾನಪದದ ವಿದ್ಯಾರ್ಥಿಗೆ ಹೊಸ ಸಂಗತಿಯಲ್ಲ.

ಪಾಠಾಂತರ ಮತ್ತು ಸಂರಕ್ಷಣೆ

ಚಲನಚಿತ್ರ ಅಚ್ಚಾದ ವಸ್ತು, ಮೌಖಿಕ ಕಥೆಯಂತೆ ಬಾಯಿಂದ ಬಾಯಿಗೆ ಬದಲಾಗುವುದಿಲ್ಲ. ಆದ್ದರಿಂದ ಅದಕ್ಕೆ ಜಾನಪದದ ಪರಿಕರ ಹೊಂದದು ಎಂಬ ಆಕ್ಷೇಪ ಸಹಜ. ದೊಡ್ಡ ಸ್ಟುಡಿಯೋ ಚಿತ್ರಗಳ ಮಟ್ಟಿಗೆ ಈ ಮಾತು ಸರಿ. ಅಗ್ಗದ ಚಿತ್ರಗಳ ಸ್ಥಿತಿ ಬೇರೆ. ಅವು ಊರಿಂದೂರಿಗೆ ಹೆಸರು ಬದಲಿಸುತ್ತವೆ, ಸೆನ್ಸಾರಿಗೆ ತಕ್ಕಂತೆ ಕುಗ್ಗುತ್ತವೆ, ವಿತರಕನ ಇಚ್ಛೆಗೆ ಹಿಗ್ಗುತ್ತವೆ. ರೇ ಅವರ ಚಿತ್ರವೇ 1980ರ ದಶಕದ ಹಿಂಸಾಚಿತ್ರಗಳ ವಿವಾದದ ನೆರಳಿನಲ್ಲಿದ್ದ ಬ್ರಿಟನ್ನಿಗೆ ಹೋದಾಗ ‘ಚೈನ್‌ಸಾ’ ಎಂಬ ಪದ ಶೀರ್ಷಿಕೆಯಿಂದ ಮಾಯವಾಗಿ ‘ಹಾಲಿವುಡ್ ಹುಕರ್ಸ್’ ಆಯಿತು. ಪದವಿದ್ದ ಕಡೆ ಗರಗಸದ ಚಿತ್ರ ಕುಳಿತಿತು. ಹೇಳಬಾರದ ಹೆಸರನ್ನು ಗುರುತಿನಿಂದ ಸೂಚಿಸುವ ಈ ಉಪಾಯ ಒಗಟಿನ ಲೋಕಕ್ಕೆ ಸೇರಿದ್ದು. ಫ್ರಾಂಕೊ ಅವರ ಚಿತ್ರಗಳಲ್ಲಂತೂ ಬೇರೆ ಬೇರೆ ದೇಶಗಳಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಸಂಕಲನ. ಯಾವುದು ಮೂಲ ಪಾಠವೆಂದು ನಿರ್ಧರಿಸುವುದು ಹಸ್ತಪ್ರತಿ ಸಂಪಾದಕನ ಕಷ್ಟಕ್ಕಿಂತ ಕಡಿಮೆಯದಲ್ಲ.

ಹೀಗಿರುವಾಗ ಪ್ರತಿಗಳ ಉಳಿವು ಮುಖ್ಯ ಪ್ರಶ್ನೆಯಾಗುತ್ತದೆ. ಕಾಲದಲ್ಲಿ ಯಾವ ಗ್ರಂಥಾಲಯವೂ ಇವನ್ನು ಸಂಗ್ರಹಯೋಗ್ಯವೆಂದು ಭಾವಿಸಲಿಲ್ಲ. ಅನೇಕ ಚಿತ್ರಗಳು ಉಳಿದದ್ದು ಹವ್ಯಾಸಿಗಳ ಅಟ್ಟದಲ್ಲಿ, ಮುಚ್ಚಿದ ಚಿತ್ರಮಂದಿರಗಳ ಮೂಲೆಯಲ್ಲಿ. 1990ರಲ್ಲಿ ಮೈಕ್ ವ್ರೇನಿ ಸಿಯಾಟಲ್‌ನಲ್ಲಿ ಆರಂಭಿಸಿದ ‘ಸಂಥಿಂಗ್ ವಿಯರ್ಡ್ ವಿಡಿಯೊ’ ವ್ಯಾಪಾರಿ ಸಂಸ್ಥೆಯಾಗಿದ್ದೂ ಯಾರಿಗೂ ಬೇಡವಾದ ಸುರುಳಿಗಳನ್ನು ಬಹುಸಂಖ್ಯೆಯಲ್ಲಿ ಕ್ಯಾಸೆಟ್ಟಿಗೆ ಇಳಿಸಿತು. 2009ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ‘ಅಮೆರಿಕನ್ ಜಾನ್ರ ಫಿಲ್ಮ್ ಆರ್ಕೈವ್’ ಸ್ಥಾಪನೆಯಾಯಿತು. ಅದೇ ವರ್ಷ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ‘ಫ್ಲಿಪ್‌ಸೈಡ್’ ಎಂಬ ಮಾಲೆಯಲ್ಲಿ ತನ್ನ ದೇಶದ ಅಂಚಿನ ಚಿತ್ರಗಳನ್ನು ಹೊರತರಲಾರಂಭಿಸಿತು. ಒಂದು ಸಂಗತಿ ಮಾತ್ರ ತಡವಾಗಿದೆ. ಚಿತ್ರದ ಸುರುಳಿ ದೊರೆತರೂ ಅದರ ಭಿತ್ತಿಪತ್ರ, ಊರೂರಿನ ಜಾಹೀರಾತು, ಕತ್ತರಿಸಿದ ದೃಶ್ಯಗಳ ಪಟ್ಟಿ ಇಲ್ಲದೆ ಪಾಠಾಂತರಗಳ ಅಧ್ಯಯನ ಪೂರ್ಣವಾಗದು. ಡಂಗುರವೇ ಅರ್ಧ ಚಿತ್ರವಾಗಿದ್ದ ಕಡೆ ಡಂಗುರದ ದಾಖಲೆಯನ್ನು ಬಿಸಾಡಿದರೆ ಉಳಿಯುವುದು ಉಳಿದರ್ಧ ಮಾತ್ರ.

ಫ್ರಾಂಕೊ ತಮ್ಮ ವೃತ್ತಿಜೀವನದ ಉದ್ದಕ್ಕೂ ಆಲ್ ಪೆರೇರಾ ಎಂಬ ಒಬ್ಬ ಖಾಸಗಿ ಪತ್ತೇದಾರನನ್ನು ಮತ್ತೆ ಮತ್ತೆ ಪರದೆಗೆ ತಂದರು. ನಟರು ಬದಲಾದರು, ದೇಶ ಬದಲಾಯಿತು, ಪೆರೇರಾ ಮಾತ್ರ ಯಾವ ಚಿತ್ರದಲ್ಲಿಯೂ ಶ್ರೀಮಂತನಾಗಲಿಲ್ಲ. ಅವರ ಜೀವನದ ಕಡೆಯ ಚಿತ್ರಗಳಲ್ಲಿ ಒಂದಾದ 2012ರ ‘ಆಲ್ ಪೆರೇರಾ ವರ್ಸಸ್ ದ ಆಲಿಗೇಟರ್ ಲೇಡೀಸ್’ನಲ್ಲಿ ವಯಸ್ಸಾದ ಆಂಟೋನಿಯೊ ಮಾಯನ್ಸ್ ಅದೇ ಹೆಸರಿನಲ್ಲಿ ಮತ್ತೊಮ್ಮೆ ಹೆಣ್ಣುಗಳ ಕೈಯಲ್ಲಿ ಪೇಚಿಗೆ ಸಿಲುಕುತ್ತಾನೆ. ಮರುವರ್ಷ ನಿರ್ದೇಶಕರು ತೀರಿಕೊಂಡರು.